ರೋಗದ ಸುದ್ದಿ ಯಾರದು?

ಮನೋಳಿಯ ನಮ್ಮ ಮನೆಯ ಕಟ್ಟೆಗೆ ಬಂದ ಆಶಾ ಕಾರ್ಯಕರ್ತೆ, “ಸರ, ಎರಡು ವಾರ ಮೀರಿದ ಕೆಮ್ಮು ಯಾರಿಗರೆ ಐತೇನ್ರಿ?” ಎಂದು ಕೇಳಿದಳು. “ಯಾರಿಗೂ ಇಲ್ಲವ್ವಾ” ಎಂದೆ. ಒಳಗೆ ತಮ್ಮ ಕೆಮ್ಮುತ್ತಿದ್ದ. ಅವನ ಮದುವೆಯ ಮಾತು ನಡೆದಿತ್ತು.

ರೋಗ ಅವನದು, ಸರಿ. ರೋಗದ ಸುದ್ದಿ ಯಾರದು? ಕ್ಷಯರೋಗಿಯ ವಿವರವನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ 2012ರಿಂದ ಇದೆ. ಯಾವ ಓಣಿಯಲ್ಲಿ ರೋಗವಿದೆಯೆಂದು ಗೊತ್ತಾದರಲ್ಲವೆ ಅಲ್ಲಿ ತಪಾಸಣೆ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತ ಸುದ್ದಿ ಹೊರಬಿದ್ದುದರಿಂದ ಹೊಸ ಜ್ವರವೊಂದರ ಜಾಡು ಸಿಕ್ಕಿತು. ಮಂಗಗಳಿಗೆ ಮದುವೆಯ ಚಿಂತೆಯಿಲ್ಲ, ನಿಜ.

ಔಷಧ ಕೊಡುವವರಿಗೆ ಹೆಸರು ಬೇಕು. ಊರಿನ ಲೆಕ್ಕಕ್ಕೆ ಅಂಕಿಯೇ ಸಾಕು. ನಾನು ಅಂಜಿದ್ದು ಆ ದಫ್ತರಕ್ಕಲ್ಲ, ಓಣಿಯ ನಾಲಗೆಗೆ. ಆದರೆ ಪಕ್ಕದ ಮನೆಯ ಕೂಸು ದಿನವೂ ತಮ್ಮನ ಮಗ್ಗುಲಲ್ಲೇ ಆಡುತ್ತಿತ್ತು. ಮರುದಿನ ಮುಂಜಾನೆ ಆ ಕಾರ್ಯಕರ್ತೆಯ ಮನೆ ಹುಡುಕಿಕೊಂಡು ಹೋದೆ.