ಬರೆಯದ ಮುಖ

ಪಡಸಾಲೆಯ ಗೋಡೆಯ ಮೇಲೆ ಮನೆಯ ಹಿರಿಯರ ಭಾವಚಿತ್ರಗಳು ಸಾಲಾಗಿ ತೂಗಿರುತ್ತವೆ. ಅಜ್ಜನವರ ಚಿತ್ರವುಂಟು, ಅವರ ತಮ್ಮಂದಿರ ಚಿತ್ರಗಳುಂಟು. ಅಜ್ಜಿಯ ಚಿತ್ರ ಮಾತ್ರ ಇಲ್ಲ. ಆಕೆ ತನ್ನ ಜೀವಮಾನದಲ್ಲಿ ಛಾಯಾಚಿತ್ರಕಾರನ ಮುಂದೆ ಒಮ್ಮೆಯೂ ಕುಳಿತವಳಲ್ಲ. ಇಂಥ ಮನೆಗಳು ನಾಡಿನಲ್ಲಿ ಒಂದೆರಡಲ್ಲ. ಮಗಳಿಗೆ ವಯಸ್ಸಾದಂತೆ ಈ ಕೊರತೆ ಮನಸ್ಸನ್ನು ಕೊರೆಯತೊಡಗುತ್ತದೆ. ತಾಯಿಯ ಚಿತ್ರವೊಂದನ್ನು ಬರೆಯಿಸಬೇಕೆಂದು ಚಿತ್ರಕಾರನ ಬಳಿಗೆ ಹೋಗುತ್ತಾಳೆ. ಕಾಣದ ಮುಖವನ್ನು ಅವನು ಬರೆಯುವ ಬಗೆ ಯಾವುದು? ಮಗಳ ಹೋಲಿಕೆಯನ್ನು ಹಿಡಿದು ತಾಯಿಯ ಮುಖವನ್ನು ಊಹಿಸಬಹುದು. ಇಲ್ಲವೆ ಸೀರೆ, ತುರುಬು, ಭುಜದ ಬಾಗು, ಕೈಗಳು, ಇವೆಲ್ಲವನ್ನೂ ಬರೆದು ಮುಖದ ಎಡೆಯನ್ನು ಬರಿದಾಗಿ ಬಿಡಬಹುದು.

ಈ ಎರಡನೆಯ ಬಗೆಯ ಚಿತ್ರಗಳು ಈಚೆಗೆ ಬಹಳ ಬಳಕೆಗೆ ಬಂದಿವೆ. ಕಣ್ಣು, ಮೂಗು, ಬಾಯಿಗಳ ಗುರುತಿಲ್ಲದೆ ಮೈಬಣ್ಣದ ಒಂದು ಸಮನಾದ ಹರಹು ಮಾತ್ರ ಮುಖದ ಸ್ಥಾನದಲ್ಲಿರುತ್ತದೆ. ಆದರೂ ಬಲ್ಲವರು ನೋಡಿದೊಡನೆ ಇಂಥವರೆಂದು ಹೇಳಿಬಿಡುತ್ತಾರೆ. ದೂರದ ದಾರಿಯಲ್ಲಿ ಬರುತ್ತಿರುವ ತಂದೆಯನ್ನು ಮಗುವು ಮುಖದಿಂದ ಗುರುತಿಸುವುದಿಲ್ಲವಷ್ಟೆ, ನಡಿಗೆಯಿಂದ ಗುರುತಿಸುತ್ತದೆ. ಹೀಗಿದ್ದರೂ ಇಲ್ಲೊಂದು ಸಂದೇಹಕ್ಕೆ ಎಡೆಯುಂಟು. ಮುಖವನ್ನು ಬಿಡುವುದು ಸತ್ಯನಿಷ್ಠೆಯೋ, ಅಥವಾ ಕಷ್ಟದ ಕೆಲಸದಿಂದ ನುಣುಚಿಕೊಳ್ಳುವ ಉಪಾಯವೋ? ಒಬ್ಬ ವ್ಯಕ್ತಿಯಿಂದ ಅವನ ಮುಖವನ್ನು ಕಳೆಯುವುದು ಅವನಿಗೆ ಮಾಡುವ ಅವಮಾನವಲ್ಲವೆ?

ಈ ಸಂದೇಹವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮುಖವಿಲ್ಲದ ಮನುಷ್ಯರನ್ನು ಒಂದು ಕಾಲದ ದುಃಖವೇ ಮೈದಾಳಿದಂತೆ ಬರೆದ ಚಿತ್ರಕಾರನೊಬ್ಬನಿದ್ದನು. ಅವನ ಹೆಸರು ಕಜಿಮಿರ್ ಮಾಲೆವಿಚ್. 1879ರಲ್ಲಿ ಕೀವ್ ನಗರದಲ್ಲಿ ಪೋಲಿಷ್ ಮನೆತನದಲ್ಲಿ ಹುಟ್ಟಿದ ಇವನು, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ತಂದೆಯೊಡನೆ ಉಕ್ರೇನಿನ ಹಳ್ಳಿಗಳಲ್ಲಿ ಬೆಳೆದನು; ಒಕ್ಕಲಿಗರು ತಮ್ಮ ಮನೆಯ ಗೋಡೆಗಳ ಮೇಲೆ ಚಿತ್ತಾರ ಬರೆಯುವುದನ್ನು ಕಂಡೇ ಬಣ್ಣದ ರುಚಿ ಹತ್ತಿಸಿಕೊಂಡನು. 1915ರಲ್ಲಿ ಪೆಟ್ರೋಗ್ರಾಡಿನ ಪ್ರದರ್ಶನದಲ್ಲಿ ಬಿಳಿಯ ನೆಲದ ಮೇಲೆ ಒಂದು ಕರಿಯ ಚೌಕವನ್ನಷ್ಟೇ ಬರೆದು, ರಷ್ಯದ ಮನೆಗಳಲ್ಲಿ ದೇವರ ಪಟವನ್ನು ಇಡುವ ಮೇಲ್ಮೂಲೆಯಲ್ಲಿ ಅದನ್ನು ತೂಗುಹಾಕಿದವನು ಇವನೇ. ಅನಂತರ ಬಹುಕಾಲ ಮನುಷ್ಯಾಕೃತಿಯ ಗೊಡವೆಯನ್ನೇ ಬಿಟ್ಟಿದ್ದವನು 1928ರ ಹೊತ್ತಿಗೆ ಮತ್ತೆ ಒಕ್ಕಲಿಗರನ್ನು ಬರೆಯಲು ಕುಳಿತನು. ಆದರೆ ಆ ಒಕ್ಕಲಿಗರಿಗೆ ಮುಖಗಳಿರಲಿಲ್ಲ. ಪಟ್ಟೆಪಟ್ಟೆಯಾಗಿ ಹರಡಿದ ಹೊಲಗಳ ಮುಂದೆ ಅವರು ನೆಟ್ಟಗೆ ನಿಂತಿದ್ದಾರೆ. ಕೆಲವರಿಗೆ ತೋಳುಗಳೂ ಇಲ್ಲ. ಹಳದಿಯ ಅಂಗಿ ತೊಟ್ಟ ಒಬ್ಬನ ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ವಸ್ತುಸಂಗ್ರಹಾಲಯದಲ್ಲಿದೆ. ಅವನ ಹಿಂದೆ ಕಿಟಕಿಯಿಲ್ಲದ ಕೆಂಪು ಮನೆಯೊಂದು. ಬದುಕಿನ ಶೂನ್ಯತೆ, ಒಂಟಿತನ, ಹೊರದಾರಿಯಿಲ್ಲದಿರುವಿಕೆ, ಈ ಅನುಭವಗಳಿಂದ ಇದನ್ನು ಕಟ್ಟಿದೆನೆಂಬ ಅರ್ಥ ಬರುವಂತೆ ಚಿತ್ರಕಾರನು ಬಟ್ಟೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದಾನೆ.

1929ರ ಕೊನೆಗೆ ಸೋವಿಯೆತ್ ಸರಕಾರವು ಒಕ್ಕಲಿಗರ ಹೊಲಗಳನ್ನು ಬಲವಂತವಾಗಿ ಸಾಮೂಹಿಕ ಬೇಸಾಯಕ್ಕೆ ಸೇರಿಸತೊಡಗಿತು. 1930ರಲ್ಲಿ ಮಾಲೆವಿಚ್ಚನನ್ನೇ ಸೆರೆಯಲ್ಲಿಟ್ಟು ವಿಚಾರಿಸಿ ಬಿಟ್ಟರು. 1932-33ರ ಘೋರ ಕ್ಷಾಮದಲ್ಲಿ ಉಕ್ರೇನಿನ ಲಕ್ಷೋಪಲಕ್ಷ ಜನ ಅನ್ನವಿಲ್ಲದೆ ಸತ್ತರು. ಮುಖವಿಲ್ಲದ ಆಕೃತಿಗಳನ್ನು ಅವನು ಬರೆಯಲಾರಂಭಿಸಿದುದು ಇವಕ್ಕೆಲ್ಲ ಮುಂಚಿತವಾಗಿಯೇ. ಆದುದರಿಂದ ಆ ಚಿತ್ರಗಳೆಲ್ಲವೂ ಕ್ಷಾಮದ ವರದಿಯೆಂದು ಹೇಳಿದರೆ ಅತಿಯಾದೀತು. ಆದರೆ ನೆಲವೂ ಹೆಸರೂ ಇಲ್ಲದಂತಾಗಿ, ಕಾಗದದ ಮೇಲಿನ ಒಂದು ಅಂಕೆಯಾಗಿ ಉಳಿದ ಮನುಷ್ಯನಿಗೆ ಮುಖವೆಲ್ಲಿಂದ ಬರಬೇಕು? ಅಲ್ಲಿ ಮುಖವನ್ನು ಅಳಿಸಿದುದು ಕುಂಚವಲ್ಲ. ಅಳಿಸಿಹೋಗುತ್ತಿದ್ದುದನ್ನು ಕುಂಚವು ಮರೆಮಾಚಲಿಲ್ಲ, ಅಷ್ಟೆ.

ರಷ್ಯದ ದೇವರ ಪಟಗಳನ್ನು ಬರೆಯುವವರಲ್ಲಿ ಒಂದು ಪದ್ಧತಿಯುಂಟು. ಉಡುಗೆ, ಬೆಟ್ಟ, ಮನೆಗಳನ್ನು ಮೊದಲು ಬರೆದು ಮುಗಿಸುತ್ತಾರೆ. ಮುಖವು ಕೊನೆಗೆ, ಅದೂ ಹೆಚ್ಚು ನುರಿತವನ ಕೈಯಿಂದ. ಈ ನಾಡಿನ ಶಿಲ್ಪಿಗಳೂ ಮೂರ್ತಿಯ ಕಣ್ಣು ತೆರೆಯುವ ನೇತ್ರೋನ್ಮೀಲನವನ್ನು ಕಟ್ಟಕಡೆಗೆ ಇಟ್ಟುಕೊಂಡಿದ್ದಾರೆ. ಎಂದ ಮೇಲೆ ಮುಖವಿಲ್ಲದ ಚಿತ್ರವೆಂದರೆ ಕಡೆಯ ಕೆಲಸದ ಹೊಸ್ತಿಲಲ್ಲಿ ನಿಂತ ಚಿತ್ರ. ಅಲ್ಲಿಯವರೆಗಿನ ಕೆಲಸವೆಲ್ಲ ನಡೆದಿರಬೇಕೆಂಬುದು ಇದರಲ್ಲಿ ಅಡಗಿರುವ ಕರಾರು. ಸಾಂಚಿಯ ಪೂರ್ವ ತೋರಣದಲ್ಲಿ ಸಿದ್ಧಾರ್ಥನು ಅರಮನೆಯನ್ನು ತೊರೆಯುವ ಕಥೆಯನ್ನು ಕೆತ್ತಿದ್ದಾರೆ. ಕುದುರೆಯ ಬೆನ್ನು ಬರಿದು, ಅದರ ಮೇಲೆ ಹಿಡಿದ ಕೊಡೆ ಮಾತ್ರ ಇದೆ. ಕುದುರೆಯನ್ನೂ ಕೊಡೆಯನ್ನೂ ಅಷ್ಟು ಶ್ರದ್ಧೆಯಿಂದ ಕೆತ್ತಿರದಿದ್ದರೆ ಆ ಬರಿದಾದ ಬೆನ್ನಿನಲ್ಲಿ ಯಾರೂ ಕಾಣುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರ ವಿಷಯವೂ ಇಲ್ಲಿ ನೆನಪಿಗೆ ಬಾರದಿರದು. ಅವರನ್ನು ಎದುರಿಗೆ ಕಂಡು ಬರೆದ ಭಾವಚಿತ್ರ ಯಾವುದೂ ಉಳಿದು ಬಂದಿಲ್ಲ. ಮನೆಮನೆಯಲ್ಲಿ ಪೂಜೆಗೊಳ್ಳುವ ಬಸವಣ್ಣನವರ ಮುಖ, ಅಕ್ಕಮಹಾದೇವಿಯ ಮುಖ, ಬಹುಕಾಲದ ಮೇಲೆ ಹುಟ್ಟಿದ ಚಿತ್ರಕಾರರ ಭಕ್ತಿಯಿಂದ ಮೂಡಿದವು. ಅದು ದೋಷವಲ್ಲ, ಭಕ್ತನಿಗೆ ದೃಷ್ಟಿ ನಿಲ್ಲಿಸಲು ಒಂದು ನೆಲೆ ಬೇಕು. ಆದರೆ ತಮ್ಮ ಮಾತಿನ ಕೊನೆಗೆ ತಮ್ಮ ಹೆಸರನ್ನು ಇಡದೆ ಇಷ್ಟದೈವದ ಅಂಕಿತವನ್ನಿಟ್ಟವರು, ತಮ್ಮ ಮುಖವು ಉಳಿಯಲಿಲ್ಲವೆಂದು ಚಿಂತಿಸುತ್ತಿದ್ದರೆಂದು ತೋರುವುದಿಲ್ಲ. ಮಾಲೆವಿಚ್ಚನು 1933ರಲ್ಲಿ ತನ್ನದೇ ಭಾವಚಿತ್ರವನ್ನು ಬರೆದಾಗ ಮುಖವನ್ನು ಸ್ಪಷ್ಟವಾಗಿಯೇ ಬರೆದನು. ಮೂಲೆಯಲ್ಲಿ ಸಹಿಯ ಎಡೆಯಲ್ಲಿ ಮಾತ್ರ ಹೆಸರಿಗೆ ಬದಲಾಗಿ ಪುಟ್ಟದೊಂದು ಕರಿಯ ಚೌಕವನ್ನಿಟ್ಟನು.

ಈಗ ಪೇಟೆಯಲ್ಲಿ ದೊರೆಯುವ ಚಿತ್ರಗಳ ಕಡೆಗೆ ತಿರುಗಿದರೆ ಎಲ್ಲವನ್ನೂ ಮೆಚ್ಚುವಂತಿಲ್ಲ. ಒಂದೇ ಅಚ್ಚಿನ ಗಂಡಹೆಂಡಿರು, ಒಂದೇ ಅಚ್ಚಿನ ಸೀರೆ. ಬಣ್ಣ ಬದಲಿಸಿ ಯಾರಿಗೆ ಬೇಕಾದರೂ ಕೊಡಬಹುದು. ಮುಖವಿಲ್ಲದಿರುವುದು ಅಲ್ಲಿ ಕೇವಲ ಅನುಕೂಲ. ಯಾರದೂ ಅಲ್ಲದ ಚಿತ್ರವನ್ನು ತಾಯಿಯೆಂದು ಗೋಡೆಗೆ ಏರಿಸುವುದಕ್ಕಿಂತ ಗೋಡೆ ಬರಿದಾಗಿರುವುದೇ ಲೇಸು. ಕಲ್ಪಿಸಿ ಬರೆದ ಮುಖಕ್ಕೂ ಅಪಾಯವೊಂದುಂಟು: ಹತ್ತು ವರ್ಷ ಕಳೆಯುವಷ್ಟರಲ್ಲಿ ಮೊಮ್ಮಕ್ಕಳು ಅದನ್ನೇ ಅಜ್ಜಿಯ ನಿಜವಾದ ಮುಖವೆಂದು ನಂಬುತ್ತಾರೆ, ಮಗಳ ನೆನಪಿನಲ್ಲಿದ್ದ ಮುಖವೂ ಮೆಲ್ಲಗೆ ಅದಕ್ಕೆ ಎಡೆಬಿಟ್ಟುಕೊಡುತ್ತದೆ.

ಬಲ್ಲ ಚಿತ್ರಕಾರನಾದರೋ ಕುಂಚವನ್ನು ಹಿಡಿಯುವ ಮೊದಲು ಬಹಳ ಕೇಳುತ್ತಾನೆ. ಸೆರಗನ್ನು ತಲೆಯ ಮೇಲೆ ಎಲ್ಲಿಯವರೆಗೆ ಹೊದೆಯುತ್ತಿದ್ದರು? ಬಳೆಗಳು ಯಾವ ಬಣ್ಣ, ಕೈಗೆ ಎಷ್ಟು? ಶಿವದಾರವು ಸೆರಗಿನ ಮರೆಯಲ್ಲಿತ್ತೋ, ಕಾಣುತ್ತಿತ್ತೋ? ಕಣ್ಣು ಮೂಗುಗಳಿಲ್ಲದ ಹಣೆಯ ಮೇಲೆ ವಿಭೂತಿಯನ್ನು ಬರೆಯಬೇಕೆ, ಬಿಡಬೇಕೆ? ಈ ಕಡೆಯ ಪ್ರಶ್ನೆಗೆ ಮಗಳು ತಡಮಾಡದೆ, ಬರೆಯಿರಿ, ಅದಿಲ್ಲದೆ ಅವ್ವನನ್ನು ಒಂದು ದಿನವೂ ಕಂಡಿಲ್ಲ ಎನ್ನುತ್ತಾಳೆ. ಉಳಿದವುಗಳಲ್ಲಿ ಕೆಲವಕ್ಕೆ ಅವಳಲ್ಲಿ ಉತ್ತರವಿಲ್ಲ. ನಲವತ್ತು ವರ್ಷ ಒಂದೇ ಅಡಿಗೆಮನೆಯಲ್ಲಿ ಕಂಡ ಕೈಗಳಲ್ಲಿ ಎಷ್ಟು ಬಳೆಗಳಿದ್ದುವೆಂಬುದು ತಿಳಿಯದೆ ಅವಳು ತಲೆ ತಗ್ಗಿಸುತ್ತಾಳೆ.

ನೆಲದಿಂದ ಏಳುವಾಗ ಯಾವ ಕೈಯನ್ನು ಊರುತ್ತಿದ್ದರೆಂದು ಚಿತ್ರಕಾರನು ಕೇಳುತ್ತಾನೆ. ಅವಳು ಕ್ಷಣಕಾಲ ಸುಮ್ಮನಿದ್ದು, ಕುರ್ಚಿಯನ್ನು ಬಿಟ್ಟು ನೆಲದ ಮೇಲೆ ಕುಳಿತು, ಸೆರಗನ್ನು ಸರಿಪಡಿಸಿಕೊಂಡು ಏಳುತ್ತಾಳೆ. ಎಡಗೈ ತಾನಾಗಿಯೇ ಗೋಡೆಗೆ ಹೋಗುತ್ತದೆ.