ಕೈ ತಪ್ಪಿದ್ದು

ನಮ್ಮ ಭಾಷೆ ಒಮ್ಮೊಮ್ಮೆ ನ್ಯಾಯಾಧೀಶನಿಗಿಂತ ಸೂಕ್ಷ್ಮವಾಗಿ ವಿಚಾರಣೆ ನಡೆಸುತ್ತದೆ. ಹಿಡಿದ ವಸ್ತು ನೆಲಕ್ಕೆ ಬಿದ್ದಾಗ ‘ಬಿತ್ತು’ ಎನ್ನುತ್ತೇವೆ. ‘ಬೀಳಿಸಿದೆ’ ಎನ್ನುವವರು ವಿರಳ. ಇವೆರಡರ ನಡುವೆ ‘ಕೈ ತಪ್ಪಿತು’ ಎಂಬ ಮೂರನೆಯ ಮಾತೊಂದಿದೆ. ತಪ್ಪಿದ್ದೇನೋ ನಿಜ, ಆದರೆ ತಪ್ಪಿದ್ದು ಕೈ, ನಾನಲ್ಲ! ಈ ತಪ್ಪುವಿಕೆಯೂ ದೋಷವೆಂಬರ್ಥದ ‘ತಪ್ಪು’ ಎಂಬುದೂ ಒಂದೇ ಧಾತುವಿನ ಮಕ್ಕಳು. ಹಾಗಾದರೆ ಕೈ ತಪ್ಪಿದಲ್ಲಿ ತಪ್ಪಾಯಿತೇ, ಇಲ್ಲವೇ?

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ಈ ಪ್ರಶ್ನೆ ನನಗೆ ಎದುರಾಯಿತು. ಅಲ್ಲಿಯ ನನ್ನ ಬಂಧುಗಳ ಮಗಳು ತನ್ನ ಲ್ಯಾಪ್‌ಟಾಪನ್ನು ಸಹಪಾಠಿಯೊಬ್ಬಳಿಗೆ ಎರಡು ದಿನದ ಮಟ್ಟಿಗೆ ಕೊಟ್ಟಿದ್ದಳು. ಎರವಲು ವಸ್ತುವೆಂದು ಆಕೆ ಅದನ್ನು ಟವೆಲಿನಲ್ಲಿ ಸುತ್ತಿಯೇ ಒಯ್ದಳು, ಸುತ್ತಿಯೇ ತಂದಳು. ತರುವಾಗ ಹೊಸ್ತಿಲಿಗೆ ಕಾಲು ತಾಕಿತು. ಹೊರಗೆ ಒಂದು ಗೀರೂ ಇಲ್ಲ. ತೆರೆದು ನೋಡಿದರೆ ಪರದೆಯ ಮೂಲೆಯಿಂದ ಮಸಿ ಚೆಲ್ಲಿದಂಥ ಕಲೆ, ಉದ್ದಕ್ಕೂ ಬಣ್ಣದ ಗೆರೆಗಳು. “ಎಷ್ಟಾಗ್ತದ ಹೇಳು, ನಾ ಕೊಡ್ತೀನಿ” ಎಂದಳು ಆಕೆ. “ನೀ ಬೇಕಂತ ಕೆಡವಿದೇನು? ಇರಲಿ ಬಿಡು” ಎಂದಳು ಇವಳು. ಆಕೆಯ ತಾಯಿ ಹತ್ತಿ ಬಿಡಿಸುವ ಕೂಲಿಯವಳು. ಮನೆಯವರೆಲ್ಲ ಮಗಳ ಔದಾರ್ಯವನ್ನು ಮೆಚ್ಚಿಕೊಂಡರು.

ಮೊದಲು ನಷ್ಟವೆಷ್ಟೆಂದು ನೋಡಬೇಕಷ್ಟೆ. ಈ ಪರದೆಯೆಂದರೆ ಎರಡು ತೆಳುಗಾಜುಗಳ ನಡುವೆ ಹಿಡಿದಿಟ್ಟ ದ್ರವಸ್ಫಟಿಕ. ಗಾಜು ಸೀಳಿದರೆ ಕಪ್ಪು ಹರಡುತ್ತದೆ. ಬರೆದಿಟ್ಟ ಪಾಠಗಳಿರುವುದು ಪರದೆಯಲ್ಲಲ್ಲ, ಒಳಗಿನ ಡಿಸ್ಕಿನಲ್ಲಿ. ಎಚ್‌ಡಿಎಂಐ ತಂತಿಯಿಂದ ಮನೆಯ ಟೀವಿಗೆ ಜೋಡಿಸಿದಾಗ ಎಲ್ಲವೂ ಇದ್ದ ಹಾಗೆಯೇ ಕಂಡಿತು. ಪರದೆಯೊಂದನ್ನೇ ಬದಲಿಸಲು ರಾಯಚೂರಿನ ರಿಪೇರಿಯವನು ಐದು ಸಾವಿರ ಕೇಳಿದ.

ಇನ್ನು ಕಾನೂನು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯ ಪ್ರಕಾರ, ಇಟ್ಟುಕೊಂಡ ವಸ್ತು ರಾಜನಿಂದ, ದೈವದಿಂದ, ಕಳ್ಳರಿಂದ ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಬೇಡಿ ತಂದ ವಸ್ತುವಿಗೂ ಇದೇ ವಿಧಿ. 1872ರ ಕರಾರು ಕಾಯಿದೆಯ 151, 152ನೆಯ ಕಲಮುಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ: ಸಾಮಾನ್ಯ ವಿವೇಕಿಯೊಬ್ಬನು ತನ್ನ ವಸ್ತುವನ್ನು ಕಾಯುವಷ್ಟು ಕಾದಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಹೊಣೆಯಿಲ್ಲ. ಟವೆಲಿನಲ್ಲಿ ಸುತ್ತಿ ತಂದವಳಿಗೆ ಇದಕ್ಕಿಂತ ಏನು ಬೇಕು? (ಹೊಸ್ತಿಲು ದೈವದ ಲೆಕ್ಕಕ್ಕೆ ಸೇರುವುದೋ ಇಲ್ಲವೋ ವಕೀಲರೇ ಹೇಳಲಿ.)

ಆದರೆ ನನ್ನ ಮನಸ್ಸು ಒಪ್ಪದ್ದು ಆ ‘ಇರಲಿ ಬಿಡು’ ಎಂಬ ಮಾತನ್ನು. ತಪ್ಪೇ ಇಲ್ಲದಿದ್ದರೆ ಕ್ಷಮಿಸುವುದು ಏನನ್ನು? ತಾನು ದಂಡ ತೆರುತ್ತೇನೆಂದು ಆ ಹುಡುಗಿ ಹೇಳಲಿಲ್ಲ. ತನ್ನ ಕೈಯಿಂದಾದ ನಷ್ಟದಲ್ಲಿ ತನಗೂ ಪಾಲಿದೆ ಎಂದಳು. ಹೊಣೆ ಹೊರುವುದಕ್ಕೆ ಅಪರಾಧಿಯೇ ಆಗಿರಬೇಕಿಲ್ಲವಲ್ಲ. ಆ ಪಾಲನ್ನು ನಿರಾಕರಿಸಿದ್ದರಿಂದ ಉಳಿದದ್ದು ಐದು ಸಾವಿರವಲ್ಲ: ಒಬ್ಬಳು ಕೊಡುವವಳಾಗಿಯೂ ಇನ್ನೊಬ್ಬಳು ಋಣಿಯಾಗಿಯೂ ಉಳಿದರು. ಆಮೇಲೆ ಆಕೆ ಇವಳಲ್ಲಿ ಒಂದು ನೋಟ್‌ಬುಕ್ಕನ್ನೂ ಕೇಳಿಲ್ಲವಂತೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರುತ್ತಾಳಂತೆ.

ಹಾಗೆಂದು ಕೂಲಿಯವಳ ಮನೆಯಿಂದ ಐದು ಸಾವಿರ ಎಣಿಸಿಕೊಳ್ಳುವುದು ನ್ಯಾಯವೆಂದು ಯಾರು ಹೇಳಿಯಾರು? ಎಷ್ಟು ಎಂಬುದನ್ನು ಸ್ಮೃತಿಯೂ ಹೇಳದು, ಕಾಯಿದೆಯೂ ಹೇಳದು; ರಿಪೇರಿಯವನ ಚೀಟಿಯನ್ನು ಮುಂದಿಟ್ಟುಕೊಂಡು ಆ ಇಬ್ಬರೇ ಗೊತ್ತುಮಾಡಬೇಕು. ಇನ್ನೂರೋ ಐನೂರೋ, ಆಕೆ ತಂದದ್ದನ್ನು ಹಿಂದಕ್ಕೆ ನೂಕಬೇಡ ಎಂದೆ ಬಂಧುಗಳ ಮಗಳಿಗೆ. ಅವಳು ಇನ್ನೂ ಒಪ್ಪಿಲ್ಲ.