ಹಿತ್ತಿಲ ತರಕಾರಿಯೂ ಶ್ರಾವಕನ ಅಹಿಂಸೆಯೂ

ಕರ್ಮಭೂಮಿಯ ಆರಂಭದಲ್ಲಿ ಭಗವಾನ್ ಆದಿನಾಥರು ಪ್ರಜೆಗಳ ಜೀವನೋಪಾಯಕ್ಕಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂಬುದು ಧರ್ಮಬಂಧುಗಳೆಲ್ಲರೂ ಅರಿತ ವಿಷಯ. ಆದರೂ ನೆಲ ಅಗೆದರೆ ಎರೆಹುಳು ತುಂಡಾಗುವುದು, ಸೊಪ್ಪು ಕೊಯ್ದರೆ ಅದರಲ್ಲಿದ್ದ ಹುಳು ನೆಲೆ ಕಳೆದುಕೊಳ್ಳುವುದು. ಇದನ್ನು ನೆನೆದೇ ಉತ್ತರ ದೇಶದ ಅನೇಕ ಜೈನ ಕುಟುಂಬಗಳು ವ್ಯಾಪಾರವನ್ನು ಆಶ್ರಯಿಸಿದವು ಎನ್ನುವುದುಂಟು. ವಯನಾಡಿನ ಕನ್ನಡ ಮೂಲದ ಜೈನರಾದರೋ ಕಾಫಿ, ಮೆಣಸು, ಭತ್ತಗಳ ಮಣ್ಣಿನಲ್ಲಿಯೇ ಬಾಳಿದರು. ಹೀಗಿರುವಾಗ ಶ್ರಾವಕನು ಮನೆಯ ಹಿತ್ತಿಲಲ್ಲಿ ಬೆಂಡೆ, ತೊಂಡೆ, ಹಾಗಲ ಬೆಳೆಯುವುದು ಪುಣ್ಯವೋ ಪಾಪವೋ?

ಪೇಟೆಯಿಂದ ತಂದರೆ ತನ್ನ ಕೈಗೆ ಹಿಂಸೆಯ ಲೇಪವಿಲ್ಲವೆಂದು ಕೆಲವರು ಭಾವಿಸುವರು. ಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು, ಅಂದರೆ ಕೃತ, ಕಾರಿತ, ಅನುಮೋದನೆ ಮೂರೂ ಬಂಧಕ್ಕೆ ಕಾರಣ. ಹಣ ಕೊಟ್ಟು ಕೊಂಡವನು ಅನುಮೋದಿಸಲಿಲ್ಲವೆಂದು ಹೇಗೆ ಹೇಳಬಹುದು? ನೆರೆಯ ಕಾಸರಗೋಡಿನಲ್ಲಿ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸುತ್ತಲ ಗ್ರಾಮಗಳ ಮಕ್ಕಳ ದುಃಸ್ಥಿತಿಯನ್ನು ದೇಶವೇ ಕಂಡಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಗೇರುಬೀಜ ತಿಂದವರಾರೂ ಆ ವಿಷವನ್ನು ಕೈಯಿಂದ ಮುಟ್ಟಿರಲಿಲ್ಲ.

ಹಾಗೆಂದು ಸಾವಯವ ಎಂಬ ಹೆಸರು ಕಂಡೊಡನೆ ಅಹಿಂಸೆಯೆಂದು ನಂಬುವುದೂ ಭ್ರಮೆ. ಎಲುಬಿನ ಪುಡಿ ಸಾವಯವ ಗೊಬ್ಬರವೇ. ಕೇರಳದಲ್ಲಿ ಬಹು ಪ್ರಚಾರದಲ್ಲಿರುವ ದ್ರವಗೊಬ್ಬರವೊಂದನ್ನು ಮತ್ತಿ ಮೀನನ್ನು ಬೆಲ್ಲದಲ್ಲಿ ಕೊಳೆಸಿ ಮಾಡುವರು, ಇನ್ನೊಂದನ್ನು ಕೋಳಿಮೊಟ್ಟೆಯಿಂದ. ಮಾಂಸವನ್ನು ತಟ್ಟೆಯಿಂದ ದೂರವಿಟ್ಟವರು ಬುಡಕ್ಕೆ ಸುರಿದು ಬೆಳೆದ ಕಾಯಿಯನ್ನು ಪರ್ವದ ಅಡುಗೆಗೆ ಬಳಸುವುದು ವಿಚಾರಣೀಯ. ಚೀಲದ ಮೇಲಿನ ಬರಹವನ್ನು ಓದಿ ಕೊಳ್ಳುವ ವ್ಯವಧಾನವಾದರೂ ಬೇಕು. ಹೊಗೆಸೊಪ್ಪಿನ ಕಷಾಯ ವಿಷವೇ. ಬೇವಿನೆಣ್ಣೆಯೂ ಹುಳುವನ್ನು ಓಡಿಸುವುದಷ್ಟೇ ಅಲ್ಲ. ತಿಂದ ಮರಿಹುಳು ಪೊರೆ ಕಳಚಲಾರದೆ ಸಾಯುವುದುಂಟು.

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣ ತಪ್ಪದು, ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕೆಂಬುದು ನಿಯಮ. ಕೊಲ್ಲಬೇಕೆಂದೇ ಸಿಂಪಡಿಸಿದ್ದನ್ನು ಆರಂಭೀ ಎಂದು ಸಮಾಧಾನಪಟ್ಟುಕೊಳ್ಳುವುದು ಕಷ್ಟ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವಂತೂ ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಗಿಡ ಕಡಿಯುವುದನ್ನೂ ಅನರ್ಥದಂಡದಲ್ಲಿ ಸೇರಿಸಿದೆ. ಆದುದರಿಂದ ಹಿತ್ತಿಲಲ್ಲಿ ಅಗೆತ ಕಡಿಮೆಯಾಗಬೇಕು. ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ಉಳಿಯುವುದು, ಕಳೆ ತಗ್ಗುವುದು, ಗುದ್ದಲಿಗೆ ಕೆಲಸವೂ ತಗ್ಗುವುದು. ಕಂದಮೂಲ ವರ್ಜಿಸುವ ಮನೆಗೆ ಬುಡ ಕಿತ್ತು ಪಡೆಯಬೇಕಾದ ಬೆಳೆಯೂ ಇಲ್ಲ. ಬಳ್ಳಿಯ ಕಾಯಿ, ನುಗ್ಗೆ, ಬಾಳೆ ಸಾಕು.

ಹಾಗಲಕ್ಕೆ ಹಣ್ಣುನೊಣದ ಕಾಟ ಹೆಚ್ಚು. ನೊಣವು ಎಳೆಗಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವುದು. ಅನಂತರ ಯಾವ ಮದ್ದು ಹೊಡೆದರೂ ಒಳಗಿನ ಹುಳುಗಳ ಹತ್ಯೆಯೇ. ಹೂ ಬಾಡಿ ಕಾಯಿ ಬೆರಳುದ್ದವಾಗುವ ಮೊದಲೇ ಕಾಗದದ ಕೊಟ್ಟೆಯನ್ನೋ ತೆಳು ಬಟ್ಟೆಯ ಚೀಲವನ್ನೋ ಕಟ್ಟಿದರೆ ನೊಣವು ಬೇರೆಡೆಗೆ ಹಾರುವುದು. ಒಂದೊಂದೇ ಕಾಯಿಗೆ ಕಟ್ಟಬೇಕು. ಮಳೆ ಬಿದ್ದು ಕಾಗದ ಹರಿದರೆ ಮತ್ತೆ ಕಟ್ಟಬೇಕು. ನೀರನ್ನು ಸೋಸಿದ ಬಟ್ಟೆಯ ಜೀವಿಗಳನ್ನು ಅದೇ ಬಾವಿಗೆ ಮರಳಿಸುತ್ತಿದ್ದ ಹಿರಿಯರಿಗೆ ಇಂತಹ ಕೆಲಸ ಬೇಸರ ತರುತ್ತಿರಲಿಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರ ಹಿತ್ತಿಲಿನಲ್ಲಿ ಬಸಳೆಯ ಚಪ್ಪರ ಹಸಿರೇರುವುದು, ಎಲೆಗಳಲ್ಲಿ ತೂತು ಬೀಳುವುದು. ಆ ನಾಲ್ಕು ತಿಂಗಳು ಅಲ್ಲಿಗೆ ಯಾರೂ ಕೈಯಿಕ್ಕುವುದಿಲ್ಲ.